ಮಾರಿಕಣಿವೆಯಿಂದ ತುರುವನೂರಿಗೆ: ಚಿತ್ರದುರ್ಗ ಸೀಮೆಯಲ್ಲಿ ಮೈಸೂರು ಸರ್ಕಾರವೂ ಜನರ ಒತ್ತಡವೂ, 1881–1947

ಮೈಸೂರನ್ನು ಮಾದರಿ ಸಂಸ್ಥಾನವೆಂದು ಕೊಂಡಾಡುವುದು ನಮಗೆ ರೂಢಿ. ಅಣೆಕಟ್ಟು, ವಿದ್ಯುತ್ತು, ವಿಶ್ವವಿದ್ಯಾನಿಲಯ, ಉಕ್ಕಿನ ಕಾರ್ಖಾನೆ ಎಂದು ಪಟ್ಟಿ ಬೆಳೆಯುತ್ತದೆ, ಆ ಪಟ್ಟಿ ಸುಳ್ಳೂ ಅಲ್ಲ. ಆದರೆ 1881ರಿಂದ 1947ರವರೆಗೆ ಆ ಸಂಸ್ಥಾನದ ಆಡಳಿತ ನಡೆಸಿದ ಒಬ್ಬ ದಿವಾನರನ್ನೂ ಜನ ಆರಿಸಿರಲಿಲ್ಲ. ಬೇಡವೆನಿಸಿದಾಗ ಇಳಿಸುವ ದಾರಿಯೂ ಅವರಿಗಿರಲಿಲ್ಲ. ಹೀಗಿದ್ದೂ ಆ ಸರ್ಕಾರ 66 ವರ್ಷಗಳ ಕಾಲ ಜನರ ವಿಶ್ವಾಸವನ್ನು ಬಹುಮಟ್ಟಿಗೆ ಉಳಿಸಿಕೊಂಡಿತು. ಇದು ಹೇಗೆ ಸಾಧ್ಯವಾಯಿತೆಂಬುದನ್ನು ಮೈಸೂರು, ಬೆಂಗಳೂರುಗಳ ಕಡೆಯಿಂದ ನೋಡಿದವರು ಅನೇಕರು. ಇಲ್ಲಿ ಅದನ್ನು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಕಡೆಯಿಂದ ನೋಡಲಾಗಿದೆ. ರಾಜಧಾನಿಯಿಂದ ದೂರವಿದ್ದ, ಮಳೆ ಕೈಕೊಡುವ ಈ ಬಯಲುಸೀಮೆಯಲ್ಲಿ ಸರ್ಕಾರದ ನಡೆ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ.

ನನ್ನ ವಾದ ಇಷ್ಟು: ಮೈಸೂರು ಸರ್ಕಾರ ಜನರ ಒತ್ತಡವನ್ನು ಎರಡು ಬಗೆಯಾಗಿ ಕಂಡಿತು. ಗೊತ್ತಾದ ವೇದಿಕೆಯಲ್ಲಿ, ಗೊತ್ತಾದ ಜನರ ಬಾಯಿಂದ ಬಂದ ಅಹವಾಲಿಗೆ ಅದು ಉದಾರವಾಗಿ ಸ್ಪಂದಿಸಿತು. ಜನ ತಾವೇ ಕೂಡಿ ಹಕ್ಕೆಂದು ಕೇಳಿದಾಗ ಅವರನ್ನು ಜೈಲಿಗೆ ಕಳಿಸಿತು, ಆಮೇಲೆ ಅವರು ಕೇಳಿದ್ದರಲ್ಲಿ ಒಂದು ಪಾಲನ್ನು ಕಾನೂನು ಮಾಡಿಕೊಟ್ಟಿತು. ಕೊಡದೆ ಉಳಿಸಿಕೊಂಡದ್ದು ಅಧಿಕಾರವನ್ನು ಮಾತ್ರ.

ಮೊದಲ ಬಗೆಯ ಸ್ಪಂದನೆಯ ಬೇರು ಬರಗಾಲದಲ್ಲಿದೆ. 1871ರ ಜನಗಣತಿಯಲ್ಲಿ 50.55 ಲಕ್ಷವಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 41.86 ಲಕ್ಷಕ್ಕೆ ಇಳಿದಿತ್ತು. ನಡುವೆ ಬಂದದ್ದು 1876–78ರ ಬರ. ಬ್ರಿಟಿಷರು ಆಡಳಿತವನ್ನು ಒಡೆಯರಿಗೆ ಹಿಂದಿರುಗಿಸಿದಾಗ ಬೊಕ್ಕಸ ಬರಿದಾಗಿತ್ತು. ವೆಚ್ಚ ತಗ್ಗಿಸಲು 1882ರಲ್ಲಿ ಚಿತ್ರದುರ್ಗ ಜಿಲ್ಲೆಯನ್ನೇ ರದ್ದು ಮಾಡಿ ತುಮಕೂರಿನ ಕೆಳಗೆ ಉಪವಿಭಾಗವಾಗಿಸಿದರು. 1886ರಲ್ಲಿ ಅದು ಮತ್ತೆ ಜಿಲ್ಲೆಯಾಯಿತು. ಹೊಟ್ಟೆಗಿಲ್ಲದ ಜನ, ಕೈಗೆಟುಕದ ಕಚೇರಿ: ಹೊಸ ಆಡಳಿತ ಈ ಸೀಮೆಗೆ ಪರಿಚಯವಾದದ್ದು ಹೀಗೆ. ಇಂಥ ಹೊತ್ತಿನಲ್ಲಿ ದಿವಾನ್ ಸಿ. ರಂಗಾಚಾರ್ಲು ಅವರು 1881ರ ಅಕ್ಟೋಬರ್‌ನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಕರೆದರು. ಮೊದಲ ಸಭೆಗೆ 144 ಮಂದಿ ಬಂದಿದ್ದರು. ಮುಂದೆ ವರ್ಷವರ್ಷವೂ ದಸರೆಯ ಹೊತ್ತಿಗೆ ತಾಲ್ಲೂಕುಗಳ ಪ್ರತಿನಿಧಿಗಳು ಮೈಸೂರಿಗೆ ಹೋಗುವುದು, ದಿವಾನರು ವರ್ಷದ ವರದಿ ಓದುವುದು, ಪ್ರತಿನಿಧಿಗಳು ಎದ್ದು ನಿಂತು ಕೆರೆ ದುರಸ್ತಿ, ರಸ್ತೆ, ಶಾಲೆ, ಕಂದಾಯದ ರಿಯಾಯಿತಿ ಕೇಳುವುದು ಪದ್ಧತಿಯಾಯಿತು.

ಆ ಸಭೆಗೆ ಮಸೂದೆ ತಡೆಯುವ ಶಕ್ತಿ ಇರಲಿಲ್ಲ, ಬಜೆಟ್ ತಿರಸ್ಕರಿಸುವ ಶಕ್ತಿಯೂ ಇರಲಿಲ್ಲ. ಅಲ್ಲಿಗೆ ಹೋಗುತ್ತಿದ್ದವರು ಭೂಮಿಯುಳ್ಳವರು, ವರ್ತಕರು, ವಕೀಲರು. ಹೊಳಲ್ಕೆರೆಯ ಕೂಲಿಯವನಿಗಾಗಲಿ, ಕುರಿ ಕಾಯುವ ಕಾಡುಗೊಲ್ಲನಿಗಾಗಲಿ, ಊರ ಹೊರಗಿನ ಹಟ್ಟಿಯ ಮಾದಿಗನಿಗಾಗಲಿ ಅಲ್ಲಿ ದನಿ ಇರಲಿಲ್ಲ. ಆದರೂ ಅದನ್ನು ಬರಿಯ ಶೋಭೆಯೆಂದು ತಳ್ಳಿಹಾಕುವಂತಿಲ್ಲ. ಸರ್ಕಾರಕ್ಕೆ ಅದು ಸುದ್ದಿಯ ದಾರಿ: ಯಾವ ಅಮಲ್ದಾರ ಎಲ್ಲಿ ಅತಿರೇಕ ಮಾಡುತ್ತಿದ್ದಾನೆ, ಎಲ್ಲಿ ಬೆಳೆ ಹೋಗಿದೆ, ಯಾವ ತೆರಿಗೆ ಜನರನ್ನು ಕೆರಳಿಸುತ್ತಿದೆ ಎಂಬುದು ಅಧಿಕಾರಿಗಳ ಕೈ ದಾಟಿ ನೇರವಾಗಿ ದಿವಾನರ ಕಿವಿಗೆ ಬೀಳುತ್ತಿತ್ತು. ಚುನಾವಣೆಯಿಲ್ಲದ ಸರ್ಕಾರಕ್ಕೆ ದೊಡ್ಡ ಅಪಾಯ ಜನರ ಮನಸ್ಸು ತಿಳಿಯದಿರುವುದು. ರಂಗಾಚಾರ್ಲು ಅವರಿಗೆ ಇದು ಚೆನ್ನಾಗಿ ಗೊತ್ತಿತ್ತೆಂದೇ ನಾನು ನಂಬುತ್ತೇನೆ.

ಮಾರಿಕಣಿವೆಯ ಅಣೆಕಟ್ಟು ಈ ನೀತಿಯ ದೊಡ್ಡ ಫಲ. ಹಿರಿಯೂರು ತಾಲ್ಲೂಕಿನಲ್ಲಿ ವೇದಾವತಿ ಎರಡು ಗುಡ್ಡಗಳ ನಡುವೆ ನುಸುಳುವ ಕಡೆ, ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1898ರಲ್ಲಿ ಕೆಲಸ ಶುರುವಾಯಿತು. 1907ರ ಹೊತ್ತಿಗೆ ಮುಗಿಯಿತು. ಕೆಲಸ ಶುರುವಾದಾಗ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಹೆಸರನ್ನು ಜಲಾಶಯಕ್ಕಿಟ್ಟರು. ಸುಮಾರು 30 ಟಿಎಂಸಿ ನೀರು ಹಿಡಿಯುವ ಈ ಕಟ್ಟೆ ಕನ್ನಂಬಾಡಿ ಕಟ್ಟೆಗಿಂತ ಹಳೆಯದು ಎಂಬುದನ್ನು ಜಿಲ್ಲೆಯ ಹೊರಗಿನವರು ಮರೆಯುತ್ತಾರೆ. ಒಂದೇ ಬೆಳೆಗೂ ಮುಗಿಲು ನೋಡುತ್ತಿದ್ದ ಹಿರಿಯೂರಿನ ರೈತನಿಗೆ ಕಾಲುವೆಯಲ್ಲಿ ನೀರು ಬರುವುದೆಂದರೆ ಬದುಕೇ ಬದಲಾದಂತೆ. ಬರದಲ್ಲಿ ಮಂದಿ ಸತ್ತ ನೆನಪು ಇನ್ನೂ ಹಸಿಯಾಗಿದ್ದ ಸೀಮೆಯಲ್ಲಿ ಈ ಕಟ್ಟೆ ಅರಮನೆಗೆ ಗಳಿಸಿಕೊಟ್ಟ ನಿಷ್ಠೆಯನ್ನು ಯಾವ ಮೆರವಣಿಗೆಯೂ ಗಳಿಸಿಕೊಡಲಾರದು.

ಆದರೆ ಉಪಕಾರ ಎಲ್ಲರಿಗೂ ಸಮನಾಗಿ ಹಂಚಿಕೆಯಾಗಲಿಲ್ಲ. ಕಾಲುವೆ ಕೆಳಗಣ ಹಿರಿಯೂರಿಗೆ, ಹಿನ್ನೀರು ಮೇಲಣ ಹೊಸದುರ್ಗಕ್ಕೆ. ಜಮೀನು ಬಿಟ್ಟುಕೊಟ್ಟವರಿಗೂ ಗದ್ದೆ ಮಾಡಿಕೊಂಡವರಿಗೂ ನಡುವೆ ನಿಂತು ನ್ಯಾಯ ಕೇಳುವ ಸಂಸ್ಥೆಯಾಗಲಿ, ಯೋಜನೆಯನ್ನು ಪ್ರಶ್ನಿಸುವ ಮತವಾಗಲಿ ಆಗ ಇರಲಿಲ್ಲ. ಇನ್ನೊಂದು ಮಾತು. ಕಟ್ಟೆ ಮುಗಿದ ಮೇಲೆ ಅದು ಪೂರ್ತಿ ತುಂಬಲು 1933ರವರೆಗೆ ಕಾಯಬೇಕಾಯಿತು. ಆಮೇಲೆ ಕೋಡಿ ಬಿದ್ದದ್ದು 2022ರಲ್ಲಿ. ಜನರ ಬೆಂಬಲವನ್ನು ಕಾಮಗಾರಿಯ ಮೇಲೆ ನಿಲ್ಲಿಸಿಕೊಂಡ ಸರ್ಕಾರ ಮಳೆಯ ಮರ್ಜಿಗೂ ಒಳಗಾಗುತ್ತದೆ. ನೀರು ಬರದ ವರ್ಷ ರೈತ ಕಂದಾಯ ಮನ್ನಾ ಕೇಳುತ್ತಾನೆ. ಅದು ಸಿಗದಿದ್ದರೆ ಅವನ ಪ್ರಶ್ನೆ ಕಾಲುವೆಯನ್ನು ದಾಟಿ ಕಚೇರಿಯತ್ತ ತಿರುಗುತ್ತದೆ.

ಸಮುದಾಯಗಳ ಒತ್ತಡಕ್ಕೆ ಸರ್ಕಾರ ಕೊಟ್ಟ ಉತ್ತರವೂ ಇದೇ ಜಾಡಿನದು. 1917ರಲ್ಲಿ ಬ್ರಾಹ್ಮಣೇತರರ ಪ್ರಜಾಮಿತ್ರ ಮಂಡಳಿ ಹುಟ್ಟಿತು. ಮರುವರ್ಷ ಅವರ ಬೇಡಿಕೆ ಪರಿಶೀಲಿಸಲು ಮಿಲ್ಲರ್ ಸಮಿತಿ ನೇಮಕವಾಯಿತು. ಬ್ರಾಹ್ಮಣೇತರರಿಗೆ ಸರ್ಕಾರಿ ನೌಕರಿಯಲ್ಲಿ ಆದ್ಯತೆ ಕೊಡುವ ಆಜ್ಞೆ 1921ರಲ್ಲಿ ಹೊರಬಿತ್ತು. 1923ರ ಕಾಯಿದೆ ಪ್ರಜಾಪ್ರತಿನಿಧಿ ಸಭೆಗೆ ಶಾಸನಬದ್ಧ ನೆಲೆ ಕೊಟ್ಟು, ಹೊಸ ತೆರಿಗೆಗೆ ಮೊದಲು ಅದನ್ನು ಕೇಳಬೇಕೆಂದು ಗೊತ್ತುಮಾಡಿತು. ಕೇಳಬೇಕು ಅಷ್ಟೆ, ಒಪ್ಪಬೇಕೆಂದೇನೂ ಇರಲಿಲ್ಲ.

ಜೇಮ್ಸ್ ಮೇನರ್ ಅವರು ಮೈಸೂರಿನ ರಾಜಕೀಯ ಬದಲಾವಣೆ ಕುರಿತ ತಮ್ಮ ಗ್ರಂಥದಲ್ಲಿ, ಹಳ್ಳಿಯ ರಾಜಕೀಯವೂ ರಾಜಧಾನಿಯ ರಾಜಕೀಯವೂ ಬಹುಕಾಲ ಬೇರೆಬೇರೆಯಾಗಿಯೇ ಇದ್ದವೆಂದು ತೋರಿಸಿದ್ದಾರೆ. ಊರ ಬಲಾಢ್ಯರನ್ನು ಅವರ ಪಾಡಿಗೆ ಬಿಟ್ಟದ್ದರಿಂದ ಸಂಸ್ಥಾನಕ್ಕೆ ನೆಮ್ಮದಿ ಸಿಕ್ಕಿತೆಂಬುದು ಅದರಿಂದ ಹೊರಡುವ ನಿಲುವು. ಬಹುಪಾಲು ಇದು ಸರಿ. ಆದರೆ ಈ ಎರಡೂ ಎಲ್ಲಿ, ಯಾವುದರಿಂದ ಕೂಡಿಕೊಂಡವು ಎಂದು ಕೇಳಿದರೆ ಚಿತ್ರದುರ್ಗದ ಉತ್ತರ ವಿಶಿಷ್ಟವಾದದ್ದು: ಈಚಲ ಮರದಿಂದ.

1937ರಲ್ಲಿ ಬ್ರಾಹ್ಮಣೇತರರ ಪ್ರಜಾ ಸಂಯುಕ್ತ ಪಕ್ಷದವರು ಸೇರಿಕೊಂಡ ಮೇಲೆ ಮೈಸೂರು ಕಾಂಗ್ರೆಸ್ಸು ಬಲವಾಯಿತು. 1938ರ ಏಪ್ರಿಲ್‌ನಲ್ಲಿ ಶಿವಪುರದ ಧ್ವಜ ಸತ್ಯಾಗ್ರಹ ನಡೆಯಿತು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಗುಂಡು ಹಾರಿ ಜನ ಸತ್ತರು. ಸತ್ತವರ ಲೆಕ್ಕ ಸರ್ಕಾರದ್ದು ಒಂದು, ಜನರದ್ದು ಇನ್ನೊಂದು. ಸಂಸ್ಥಾನದ ಒಳ್ಳೆಯ ಹೆಸರಿಗೆ ಬಿದ್ದ ಪೆಟ್ಟು ಅರಿತ ದಿವಾನ್ ಮಿರ್ಜಾ ಇಸ್ಮಾಯಿಲ್ ಅವರು ಸರ್ದಾರ್ ಪಟೇಲರೊಡನೆ ಮಾತಾಡಿದರು. ಕಾಂಗ್ರೆಸ್ಸಿಗೆ ಮನ್ನಣೆ ಸಿಕ್ಕಿತು, ಸಂಸ್ಥಾನದ ಬಾವುಟದ ಜೊತೆ ತ್ರಿವರ್ಣವೂ ಹಾರಬಹುದೆಂದಾಯಿತು, ಸುಧಾರಣಾ ಸಮಿತಿಯೊಂದು ಕೆಲಸ ನಡೆಸಿತು. ಬಾವುಟ ಕೊಟ್ಟರೆ ಖರ್ಚಿಲ್ಲ. ಸಭೆಗೆ ಉತ್ತರ ಹೇಳುವ ಜವಾಬ್ದಾರಿ ಸರ್ಕಾರದ ಮಾತು ಮಾತ್ರ ಮುಂದಕ್ಕೆ ಹೋಯಿತು.

ಮರುವರ್ಷ ಹೋರಾಟ ಚಿತ್ರದುರ್ಗ ತಾಲ್ಲೂಕಿನ ತುರುವನೂರಿಗೆ ಬಂತು. ಮುಂದಾಳು ಚಿತ್ರದುರ್ಗದಲ್ಲಿ ವಕೀಲರಾಗಿದ್ದ ಎಸ್. ನಿಜಲಿಂಗಪ್ಪ. ಈ ಸೀಮೆಯಲ್ಲಿ ಹಳ್ಳದ ಬದಿಗೆ, ತಗ್ಗಿನ ಜವುಗಿಗೆ ಈಚಲು ತಾನಾಗಿ ಬೆಳೆಯುತ್ತದೆ. ಸಂಜೆ ಮರ ಹತ್ತಿ ತಲೆಯ ಹತ್ತಿರ ಕೆತ್ತಿ ಗಡಿಗೆ ಕಟ್ಟುತ್ತಿದ್ದರು, ಬೆಳಗ್ಗೆ ಹೆಂಡ ಇಳಿಸುತ್ತಿದ್ದರು. ಆ ಹೆಂಡದ ಗುತ್ತಿಗೆಯನ್ನು ಸರ್ಕಾರ ಹರಾಜು ಹಾಕುತ್ತಿತ್ತು. ದೊಡ್ಡ ಆದಾಯಗಳಲ್ಲಿ ಅಬಕಾರಿಯೂ ಒಂದು. ದುಡಿಯುವ ಬಡವನ ಸಂಜೆಯ ಕೂಲಿ ಅದರಲ್ಲಿ ಕರಗುತ್ತಿತ್ತು. ಮರ ಕಡಿದರೆ ಕಾನೂನು ಮುರಿದಂತೆ, ಬೊಕ್ಕಸಕ್ಕೆ ಪೆಟ್ಟು ಕೊಟ್ಟಂತೆ, ಗಾಂಧೀಜಿಯವರ ಪಾನನಿರೋಧ ನಡೆಸಿದಂತೆ. ಸಭೆಯಲ್ಲಿ ಕುರ್ಚಿ ಇಲ್ಲದವನಿಗೂ ಮನೆಯಲ್ಲಿ ಕೊಡಲಿ ಇತ್ತು. ಮಾಯಕೊಂಡ, ಆನಗೋಡುಗಳಲ್ಲಿ ಬಳ್ಳಾರಿ ಸಿದ್ದಮ್ಮನವರು ಈಚಲ ಮರ ಕಡಿಸಿ ಜೈಲು ಸೇರಿದರು. ಗಂಡಸರ ಕುಡಿತದ ನೋವನ್ನು ಮನೆಯೊಳಗೆ ನುಂಗುತ್ತಿದ್ದ ಹೆಂಗಸರಿಗೆ ಈ ಹೋರಾಟ ಬೇರೆ ಯಾವ ರಾಜಕೀಯ ಬೇಡಿಕೆಗಿಂತಲೂ ಬೇಗ ಅರ್ಥವಾಯಿತು. ರಾಜಧಾನಿಯ ಸಂವಿಧಾನ ಚರ್ಚೆಯನ್ನು ಹಟ್ಟಿಯ ಬಾಗಿಲಿಗೆ ತಂದದ್ದು ಇದೇ ಎಂಬುದು ನನ್ನ ನಿಲುವು.

ಸರ್ಕಾರ ಇಲ್ಲಿ ಮಾತುಕತೆಗೆ ಇಳಿಯಲಿಲ್ಲ. ನಿಜಲಿಂಗಪ್ಪನವರೂ ಜೈಲು ಸೇರಿದರು. ಇದೇ ಪಾನನಿರೋಧವನ್ನು ಪ್ರತಿನಿಧಿಯೊಬ್ಬರು ಸಭೆಯಲ್ಲಿ ಎದ್ದು ಕೇಳಿದ್ದರೆ ದಿವಾನರು ವಿನಯದಿಂದ ಪರಿಶೀಲನೆಯ ಭರವಸೆ ಕೊಡುತ್ತಿದ್ದರು. ಬೇಡಿಕೆ ಒಂದೇ, ಕೇಳಿದ ರೀತಿ ಬೇರೆ. ಗ್ಯಾರಿ ಕಿಂಗ್, ಜೆನ್ನಿಫರ್ ಪ್ಯಾನ್, ಮಾರ್ಗರೆಟ್ ರಾಬರ್ಟ್ಸ್ ಅವರು 2013ರಲ್ಲಿ ಪ್ರಕಟಿಸಿದ ಚೀನಾ ಕುರಿತ ಅಧ್ಯಯನದ ತಿರುಳೂ ಇದಕ್ಕೆ ಹತ್ತಿರದ್ದು: ಅಲ್ಲಿನ ಆಡಳಿತ ತನ್ನ ಮೇಲಿನ ಟೀಕೆಯನ್ನು ಎಷ್ಟೋ ವೇಳೆ ಸಹಿಸುತ್ತದೆ, ಜನರನ್ನು ಒಟ್ಟುಗೂಡಿಸಬಲ್ಲ ಬರಹವನ್ನು ಅಳಿಸುತ್ತದೆ. ಮಿರ್ಜಾ ಅವರ ಮೈಸೂರನ್ನು ಇಂದಿನ ಚೀನಾದ ಪಕ್ಕ ಇಟ್ಟು ಒಂದೇ ತೂಕದಲ್ಲಿ ತೂಗುವುದು ಅನ್ಯಾಯ. ಇಲ್ಲಿ ಪತ್ರಿಕೆಗಳಿದ್ದವು, ನ್ಯಾಯಾಲಯಗಳಿದ್ದವು, ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ ವೈಯಕ್ತಿಕ ಸಜ್ಜನಿಕೆ ಇತ್ತು. ಆದರೆ ಗೆರೆ ಎಳೆದ ಜಾಗ ಒಂದೇ.

ಜೈಲಿನ ಹಿಂದೆಯೇ ಸುಧಾರಣೆ ಬಂತು. 1940ರ ಮೈಸೂರು ಸರ್ಕಾರದ ಕಾಯಿದೆ ಪ್ರಜಾಪ್ರತಿನಿಧಿ ಸಭೆ, ಶಾಸನ ಸಭೆ ಎರಡರ ಗಾತ್ರವನ್ನೂ ಹಿಗ್ಗಿಸಿತು, ಚುನಾಯಿತರಿಗೆ ಮಂತ್ರಿಗಿರಿಯ ಬಾಗಿಲು ತೆರೆಯಿತು. ಆದರೆ ಮಂತ್ರಿಗಳು ಉತ್ತರ ಹೇಳಬೇಕಾಗಿದ್ದುದು ಮಹಾರಾಜರಿಗೆ, ಸಭೆಗಲ್ಲ. ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೂ ಮೈಸೂರಿನವರು ಜವಾಬ್ದಾರಿ ಸರ್ಕಾರಕ್ಕಾಗಿ 1947ರ ಸೆಪ್ಟೆಂಬರ್‌ನಲ್ಲಿ ಮೈಸೂರು ಚಲೋ ಚಳವಳಿ ನಡೆಸಬೇಕಾಯಿತು. ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಅಕ್ಟೋಬರ್ ಕೊನೆಯಲ್ಲಿ ಅಧಿಕಾರ ವಹಿಸಿಕೊಂಡಿತು.

ತುರುವನೂರಿನ ಮುಂದಾಳು 1956ರಲ್ಲಿ ಏಕೀಕೃತ ಮೈಸೂರು ರಾಜ್ಯದ ಮೊದಲ ಮುಖ್ಯಮಂತ್ರಿಯಾದರು. ಮತ್ತೆ ಆ ಪದವಿ ಕೈಗೆಟುಕುವಷ್ಟು ಹತ್ತಿರವಿದ್ದ 1962ರ ಚುನಾವಣೆಯಲ್ಲಿ ಅವರು ಹೊಸದುರ್ಗದಿಂದ ನಿಂತರು. ಕಟ್ಟೆಯ ಹಿನ್ನೀರಿನ ತಾಲ್ಲೂಕು ಅದು. ಅಣೆಕಟ್ಟು ಕಟ್ಟುವಾಗ ಯಾರೂ ಅದರ ಮತ ಕೇಳಿರಲಿಲ್ಲ. ಹೊಸದುರ್ಗದ ಮತದಾರರು ಪ್ರಜಾ ಸೋಷಲಿಸ್ಟ್ ಪಕ್ಷದ ಜಿ.ಟಿ. ರಂಗಪ್ಪನವರನ್ನು ಗೆಲ್ಲಿಸಿ ನಿಜಲಿಂಗಪ್ಪನವರನ್ನು ಸೋಲಿಸಿದರು. ರಂಗಾಚಾರ್ಲು ಅವರಿಂದ ಮಿರ್ಜಾ ಇಸ್ಮಾಯಿಲ್ ಅವರವರೆಗೆ ಯಾವ ದಿವಾನರೂ ಇಂಥ ತೀರ್ಪನ್ನು ಎದುರಿಸಬೇಕಾಗಿ ಬಂದಿರಲಿಲ್ಲ.