ತುರ್ತು ನಿಲುಗಡೆ ಮತ್ತು ವಿರಾಮ: ಮನೆಯಲ್ಲಿ ಕಟ್ಟಿದ ಸಿಎನ್‌ಸಿ ಯಂತ್ರಗಳಲ್ಲಿ

ಮರ, ಎಂಡಿಎಫ್, ಅಕ್ರಿಲಿಕ್, ಅಲ್ಯೂಮಿನಿಯಂ ತಗಡುಗಳನ್ನು ಕಂಪ್ಯೂಟರಿನ ಆದೇಶದಂತೆ ಕೊರೆಯುವ ಸಣ್ಣ ಸಿಎನ್‌ಸಿ ರೂಟರುಗಳನ್ನು ಹವ್ಯಾಸಿಗಳು ಮನೆಯಲ್ಲೇ ಕಟ್ಟಿಕೊಳ್ಳುತ್ತಾರೆ. ಇವನ್ನು ನಿಲ್ಲಿಸಲು ಎರಡು ಬೇರೆ ಬೇರೆ ನಿಯಂತ್ರಣಗಳು ಬೇಕು. ವಿರಾಮದ ಗುಂಡಿ ಚಲನೆಯನ್ನು ಹದವಾಗಿ ತಡೆದು, ಬಿಟ್ಟ ಜಾಗದಿಂದಲೇ ಮುಂದುವರಿಯಲು ಅನುವು ಮಾಡಿಕೊಡುತ್ತದೆ. ತುರ್ತು ನಿಲುಗಡೆಯ ಗುಂಡಿ ಅಪಾಯದ ಹೊತ್ತಿನಲ್ಲಿ ಮೋಟಾರುಗಳಿಗೆ ವಿದ್ಯುತ್ ಹೋಗದಂತೆ ಮಾಡುತ್ತದೆ. ಒಂದು ಕಾಪಾಡುವುದು ಯಂತ್ರದ ಲೆಕ್ಕವನ್ನು, ಇನ್ನೊಂದು ಅದರ ಎದುರು ನಿಂತವರನ್ನು. ಆದರೆ ಎಷ್ಟೋ ಮನೆಯ ಯಂತ್ರಗಳಲ್ಲಿ ಕೆಂಪು ಗುಂಡಿಯಿಂದ ಹೊರಟ ತಂತಿ ನಿಯಂತ್ರಕ ಬೋರ್ಡಿನ ಒಂದು ಪಿನ್ನಿಗೆ ಸೇರಿ ಅಲ್ಲಿಗೇ ಮುಗಿಯುತ್ತದೆ. ನೋಡಲು ಅದು ತುರ್ತು ನಿಲುಗಡೆ, ಕೆಲಸದಲ್ಲಿ ಮಾತ್ರ ಪ್ರೋಗ್ರಾಮಿಗೆ ಸಲ್ಲಿಸುವ ಒಂದು ಕೋರಿಕೆ. ವಿರಾಮ ಪ್ರೋಗ್ರಾಮಿನ ಮೂಲಕವೇ ಆಗಬೇಕು, ತುರ್ತು ನಿಲುಗಡೆ ಪ್ರೋಗ್ರಾಮನ್ನು ಅವಲಂಬಿಸಲೇಬಾರದು ಎಂಬುದು ಈ ಲೇಖನದ ನಿಲುವು.

ವಿರಾಮಕ್ಕೆ ಪ್ರೋಗ್ರಾಮು ಏಕೆ ಬೇಕೆಂಬುದನ್ನು ಜಿಆರ್‌ಬಿಎಲ್ ಎಂಬ ಫರ್ಮ್‌ವೇರಿನಲ್ಲಿ ಚೆನ್ನಾಗಿ ಕಾಣಬಹುದು. ಆರ್ಡುಯಿನೋ ಊನೋ ಬೋರ್ಡಿನ ಮೇಲೆ ಓಡುವ ಈ ಮುಕ್ತ ತಂತ್ರಾಂಶ ಅಗ್ಗದ ರೂಟರುಗಳಲ್ಲಿ ಬಹಳ ವ್ಯಾಪಕವಾಗಿದೆ. ಕಂಪ್ಯೂಟರಿನಿಂದ ಬರುವ ಜಿ-ಕೋಡ್ ಸಾಲುಗಳು ಮೊದಲು 128 ಬೈಟುಗಳ ಒಂದು ಬಫರಿನಲ್ಲಿ ಸಾಲುಗಟ್ಟುತ್ತವೆ. ಅಲ್ಲಿಂದ ಚಲನೆಯ ಯೋಜನೆ ಹಾಕುವ ಭಾಗಕ್ಕೆ ಹೋಗುತ್ತವೆ. ವಿರಾಮದ ಆದೇಶವಾದ ‘!’ ಚಿಹ್ನೆ ಈ ಸಾಲಿನಲ್ಲಿ ಕಾಯುವುದಿಲ್ಲ. ಬಂದೊಡನೆ ಅದನ್ನು ಹೆಕ್ಕಿ ಜಾರಿಗೊಳಿಸಲಾಗುತ್ತದೆ. ಅಕ್ಷಗಳು ನಿಗದಿತ ದರದಲ್ಲಿ ವೇಗ ತಗ್ಗಿಸಿಕೊಂಡು ನಿಲ್ಲುತ್ತವೆ, ಒಂದು ಹೆಜ್ಜೆಯೂ ತಪ್ಪುವುದಿಲ್ಲ, ‘~’ ಕಳಿಸಿದರೆ ಕೆಲಸ ಮುಂದುವರಿಯುತ್ತದೆ. ಸ್ಟೆಪರ್ ಮೋಟಾರು ತಾನೆಲ್ಲಿದ್ದೇನೆಂದು ತಿರುಗಿ ವರದಿ ಮಾಡುವುದಿಲ್ಲ. ಆದ್ದರಿಂದ ಸ್ಥಾನದ ಲೆಕ್ಕ ಇರುವುದು ಫರ್ಮ್‌ವೇರಿನಲ್ಲಿ ಮಾತ್ರ. ಅದನ್ನು ಕೆಡಿಸದೆ ನಿಲ್ಲಿಸುವುದು ಲೆಕ್ಕ ಇಟ್ಟವರಿಂದಷ್ಟೇ ಸಾಧ್ಯ.

ಇಷ್ಟು ಒಳ್ಳೆಯ ವಿರಾಮವನ್ನೇ ತುರ್ತಿಗೂ ಬಳಸಬಾರದೇಕೆ? ಒಂದು ಸಣ್ಣ ಲೆಕ್ಕ ಹಾಕಿದರೆ ತಿಳಿಯುತ್ತದೆ. ಯಂತ್ರ ನಿಮಿಷಕ್ಕೆ 3000 ಮಿಲಿಮೀಟರ್, ಅಂದರೆ ಸೆಕೆಂಡಿಗೆ 50 ಮಿಲಿಮೀಟರ್ ವೇಗದಲ್ಲಿ ಸಾಗುತ್ತಿದೆ ಎನ್ನೋಣ. ವೇಗೋತ್ಕರ್ಷವನ್ನು ಸೆಕೆಂಡಿನ ವರ್ಗಕ್ಕೆ 500 ಮಿಲಿಮೀಟರ್ ಎಂದು ಹೊಂದಿಸಿದ್ದರೆ ವಿರಾಮ ಒತ್ತಿದ ಮೇಲೆ ಅದು ಎರಡೂವರೆ ಮಿಲಿಮೀಟರ್ ಸಾಗಿ, ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಲ್ಲುತ್ತದೆ. ಜಿಆರ್‌ಬಿಎಲ್‌ನ ಮೂಲ ಹೊಂದಿಕೆಯಲ್ಲಿ ಈ ಮೌಲ್ಯ ಬರೇ 10. ಅದನ್ನು ಹಾಗೇ ಬಿಟ್ಟು ವೇಗವನ್ನಷ್ಟೇ ಏರಿಸಿಕೊಂಡ ಯಂತ್ರ ನಿಲ್ಲಲು ಐದು ಸೆಕೆಂಡು ತೆಗೆದುಕೊಳ್ಳುತ್ತದೆ, ಅಷ್ಟರಲ್ಲಿ 125 ಮಿಲಿಮೀಟರ್ ಸಾಗಿರುತ್ತದೆ. ಮರ ಹಿಡಿದ ಕ್ಲಾಂಪಿಗೂ ಕೊರೆಯುವ ಬಿಟ್‌ಗೂ ನಡುವೆ ಒಂದು ಗೇಣು ಅಂತರವೂ ಇಲ್ಲದಾಗ ಈ ಐದು ಸೆಕೆಂಡು ಬಹಳ ದೀರ್ಘ. ಇದಕ್ಕಿಂತ ಗಂಭೀರವಾದ ಸಂಗತಿ, ವಿರಾಮ ಅಕ್ಷಗಳನ್ನಷ್ಟೇ ನಿಲ್ಲಿಸುತ್ತದೆ, ಬಿಟ್ ತಿರುಗಿಸುವ ಸ್ಪಿಂಡಲನ್ನಲ್ಲ. ಜಿಆರ್‌ಬಿಎಲ್ ಇದನ್ನು ಉದ್ದೇಶಪೂರ್ವಕವಾಗಿಯೇ ಹೀಗಿಟ್ಟಿದೆ. ಬಿಟ್ ಮರದೊಳಗೆ ಹೂತಿರುವಾಗ ತಿರುಗುವುದು ನಿಂತರೆ, ಮುಂದುವರಿಸುವಾಗ ಅದು ಮುರಿಯಬಹುದು. ಆದರೆ ಒಂದೇ ಜಾಗದಲ್ಲಿ ನಿಂತು ತಿರುಗುವ ಬಿಟ್ ಮರವನ್ನು ಉಜ್ಜಿ ಕರಕಲು ಮಾಡುತ್ತದೆ, ಧೂಳು ಹೀರುವ ಕೊಳವೆಗೆ ಕೆಂಡವನ್ನೂ ಕಳಿಸಬಹುದು. ಸ್ಪಿಂಡಲನ್ನೂ ನಿಲ್ಲಿಸುವ ‘ಸುರಕ್ಷತಾ ಬಾಗಿಲು’ ಎಂಬ ಪ್ರತ್ಯೇಕ ಆದೇಶವಿದೆ. ಅದು ನಡೆಯುವುದು ಸ್ಪಿಂಡಲು ನಿಯಂತ್ರಕದ ಹತೋಟಿಯಲ್ಲಿದ್ದರೆ ಮಾತ್ರ. ಬಡಗಿಗಳ ಕೈ ರೂಟರನ್ನೇ ಸ್ಪಿಂಡಲಾಗಿ ಕೂರಿಸಿ, ಅದರದೇ ಸ್ವಿಚ್ಚು ಹಾಕಿ, ಬೇರೆ ಸಾಕೆಟ್ಟಿಗೆ ಚುಚ್ಚಿದ ಯಂತ್ರದಲ್ಲಿ ಫರ್ಮ್‌ವೇರಿಗೆ ಆ ರೂಟರು ಇರುವುದೇ ಗೊತ್ತಿಲ್ಲ. ಇದರ ಮೇಲೆ, ವಿರಾಮದ ಆದೇಶ ಯಂತ್ರ ಸುಮ್ಮನಿದ್ದಾಗ, ಕೆಲಸದಲ್ಲಿದ್ದಾಗ, ಅಕ್ಷಗಳನ್ನು ಕೈಯಾರೆ ಸರಿಸುವಾಗ (ಜಾಗ್) ಮಾತ್ರ ಲೆಕ್ಕಕ್ಕೆ ಬರುತ್ತದೆ. ಯಂತ್ರ ತನ್ನ ಮೂಲಬಿಂದುವನ್ನು ಹುಡುಕುವ ಹೋಮಿಂಗ್ ನಡೆಯುವಾಗ ಅದನ್ನು ಕಡೆಗಣಿಸಲಾಗುತ್ತದೆ.

ಹಾಗಾದರೆ ಬೋರ್ಡಿನ ಮೇಲಿರುವ ‘ಅಬಾರ್ಟ್’ ಪಿನ್? ಅದು ಫರ್ಮ್‌ವೇರನ್ನು ರೀಸೆಟ್ ಮಾಡಿ ಚಲನೆಯನ್ನು ಒಮ್ಮೆಲೇ ಕಡಿಯುತ್ತದೆ, ಸ್ಥಾನ ತಪ್ಪಿರಬಹುದೆಂದು ಎಚ್ಚರಿಕೆ ಕೊಟ್ಟು ಯಂತ್ರವನ್ನು ಬೀಗ ಹಾಕಿದಂತೆ ಹಿಡಿದಿಡುತ್ತದೆ. ವಿರಾಮಕ್ಕಿಂತ ಇದು ಎಷ್ಟೋ ಮೇಲು. ಆದರೆ ಈ ಪಿನ್ನಿನ ಪೂರ್ವನಿಯೋಜಿತ ವ್ಯವಸ್ಥೆಯಲ್ಲಿ ಗುಂಡಿ ಒತ್ತಿದಾಗ ಸಂಪರ್ಕ ಕೂಡಿಕೊಳ್ಳಬೇಕು, ಬಿಡಿಸಿಕೊಳ್ಳಬೇಕಾದ್ದಲ್ಲ. ಯಂತ್ರದ ಅದುರಾಟಕ್ಕೆ ತಂತಿ ಎಲ್ಲೋ ಬೆಸುಗೆ ಬಿಟ್ಟಿದ್ದರೆ ಅದು ಯಾರ ಗಮನಕ್ಕೂ ಬರುವುದಿಲ್ಲ. ಒತ್ತಿದ ದಿನವೇ ಗೊತ್ತಾಗುವುದು, ಆ ದಿನವೋ ತಡವಾಗಿರುತ್ತದೆ. ಮಾರ್ಲಿನ್ ಎಂಬ ಮತ್ತೊಂದು ಫರ್ಮ್‌ವೇರಿನಲ್ಲಿ ತೊಂದರೆ ಇನ್ನೊಂದು ಬಗೆಯದು. ಅಲ್ಲಿ ತುರ್ತು ನಿಲುಗಡೆಗೆ ಎಂ112 ಎಂಬ ಆದೇಶವಿದೆ, ಆದರೆ ತುರ್ತು ಆದೇಶಗಳನ್ನು ಮೊದಲೇ ಹೆಕ್ಕುವ ಆಯ್ಕೆಯನ್ನು ಫರ್ಮ್‌ವೇರ್ ಕಟ್ಟುವಾಗ ತೆರೆದಿಡದಿದ್ದರೆ ಅದೂ ಉಳಿದ ಆದೇಶಗಳ ಹಿಂದೆ ಸರದಿಯಲ್ಲಿ ನಿಲ್ಲುತ್ತದೆ. ತೆರೆಯ ಮೇಲಿನ ಗುಂಡಿಯಂತೂ ಲ್ಯಾಪ್‌ಟಾಪು, ಕಳಿಸುವ ತಂತ್ರಾಂಶ, ಯುಎಸ್‌ಬಿ ಕೇಬಲ್ಲು, ಬೋರ್ಡು ಇಷ್ಟೂ ನೆಟ್ಟಗಿದ್ದರೆ ಮಾತ್ರ ಗುಂಡಿ. ಸ್ಪಿಂಡಲಿನ ವಿದ್ಯುತ್ ಗದ್ದಲಕ್ಕೆ ಯುಎಸ್‌ಬಿ ಸಂಪರ್ಕ ಕಡಿದುಹೋಗುವುದು ಈ ಯಂತ್ರಗಳಲ್ಲಿ ಸಾಮಾನ್ಯ ದೂರು. ಯಂತ್ರ ಹಿಡಿತ ತಪ್ಪುವುದಕ್ಕೂ ಗುಂಡಿ ಸತ್ತುಹೋಗುವುದಕ್ಕೂ ಒಂದೇ ಕಾರಣ ಇರಬಹುದು ಎಂಬುದೇ ಇಲ್ಲಿನ ತಿರುಳು.

ಕಾರ್ಖಾನೆಯ ಯಂತ್ರಗಳಿಗೆ ಅನ್ವಯಿಸುವ ಅಂತರರಾಷ್ಟ್ರೀಯ ಮಾನದಂಡ ಐಇಸಿ 60204-1 ನಿಲುಗಡೆಯನ್ನು ಮೂರು ವರ್ಗ ಮಾಡಿದೆ. ಸೊನ್ನೆ ವರ್ಗದಲ್ಲಿ ವಿದ್ಯುತ್ತು ಕೂಡಲೇ ಕಡಿಯುತ್ತದೆ. ಒಂದನೆಯದರಲ್ಲಿ ಮೊದಲು ಹತೋಟಿಯಲ್ಲಿ ನಿಲ್ಲಿಸಿ ಆಮೇಲೆ ಕಡಿಯಲಾಗುತ್ತದೆ. ಎರಡನೆಯದರಲ್ಲಿ ಚಲನೆ ನಿಂತರೂ ವಿದ್ಯುತ್ತು ಇದ್ದೇ ಇರುತ್ತದೆ. ತುರ್ತು ನಿಲುಗಡೆ ಮೊದಲೆರಡರಲ್ಲಿ ಒಂದಾಗಿರಲೇಬೇಕು. ವಿರಾಮ ಎರಡನೇ ವರ್ಗದ್ದು. ಗುಂಡಿ ಕೆಂಪಾಗಿರಬೇಕು, ಹಿನ್ನೆಲೆ ಹಳದಿಯಾಗಿರಬೇಕು, ಒತ್ತಿದ ಮೇಲೆ ಕಚ್ಚಿಕೊಳ್ಳಬೇಕು, ಅದನ್ನು ಬಿಡಿಸಿದ ಮಾತ್ರಕ್ಕೆ ಯಂತ್ರ ಓಡತೊಡಗಬಾರದು ಎಂಬ ನಿಯಮಗಳು ಐಎಸ್‌ಒ 13850ರಲ್ಲಿವೆ. ಮನೆಯ ಹವ್ಯಾಸಿಯನ್ನು ಈ ಯಾವುದೂ ಕಾನೂನಿನ ಮಟ್ಟದಲ್ಲಿ ಕಟ್ಟಿಹಾಕುವುದಿಲ್ಲ. ಭಾರತದ 1948ರ ಕಾರ್ಖಾನೆಗಳ ಕಾಯ್ದೆಯ 24ನೇ ಕಲಮು ಪ್ರತಿ ಕೆಲಸದ ಕೋಣೆಯಲ್ಲೂ ತುರ್ತಿನಲ್ಲಿ ಶಕ್ತಿ ಕಡಿಯುವ ಸಾಧನ ಇರಬೇಕೆಂದಿತು, ಆದರೆ ಮನೆಯ ಗ್ಯಾರೇಜು ಕಾರ್ಖಾನೆಯಲ್ಲ. ಕಾನೂನು ತಲುಪದ ಜಾಗದಲ್ಲಿ ಅದರ ಹಿಂದಿನ ಕಾರಣಗಳು ಇನ್ನಷ್ಟು ಬಲವಾಗಿ ಅನ್ವಯಿಸುತ್ತವೆ. ಗ್ಯಾರೇಜಿನಲ್ಲಿ ಮೇಲ್ವಿಚಾರಕರಿಲ್ಲ, ಪಕ್ಕದಲ್ಲಿ ಇನ್ನೊಬ್ಬ ಕೆಲಸಗಾರನಿಲ್ಲ, ಮಕ್ಕಳು ಒಳಗೆ ಬರಬಹುದು.

ಹಾಗಾಗಿ ಮಾಡಬೇಕಾದ ಜೋಡಣೆ ಸರಳ. ಅಣಬೆಯಾಕಾರದ ಗುಂಡಿಯ ಎನ್‌ಸಿ ಸಂಪರ್ಕದ, ಅಂದರೆ ಒತ್ತದಿರುವಾಗ ಕೂಡಿಕೊಂಡೇ ಇರುವ ಸಂಪರ್ಕದ, ಮೂಲಕ ಒಂದು ಕಾಂಟ್ಯಾಕ್ಟರಿನ (ಕಾಯಿಲಿನಿಂದ ನಡೆಯುವ ಸ್ವಿಚ್ಚಿನ) ಕಾಯಿಲಿಗೆ ವಿದ್ಯುತ್ತು ಹೋಗಬೇಕು. ಸ್ಟೆಪರ್ ಮೋಟಾರುಗಳ ಪವರ್ ಸಪ್ಲೈಯೂ ರೂಟರಿನ ಸಾಕೆಟ್ಟೂ ಆ ಕಾಂಟ್ಯಾಕ್ಟರಿನ ಆಚೆ ಇರಬೇಕು. ಗುಂಡಿ ಒತ್ತಿದರೂ, ತಂತಿ ತುಂಡಾದರೂ, ಕಾಯಿಲು ಸುಟ್ಟರೂ ಫಲಿತಾಂಶ ಒಂದೇ, ಯಂತ್ರ ನಿಲ್ಲುತ್ತದೆ. ಓಡಿಸಲು ಪ್ರತ್ಯೇಕ ಹಸಿರು ಗುಂಡಿ, ಅದರ ಜೊತೆಗೆ ಕಾಂಟ್ಯಾಕ್ಟರು ತನ್ನನ್ನು ತಾನೇ ಹಿಡಿದುಕೊಳ್ಳುವ ಸಹಾಯಕ ಸಂಪರ್ಕ ಇರಬೇಕು. ಹೊಲದ ಸಾದಾ ಪಂಪ್‌ಸೆಟ್ ಸ್ಟಾರ್ಟರಿನಲ್ಲಿ ಇರುವುದು ಇದೇ ಏರ್ಪಾಡು. ಕರೆಂಟು ಹೋದರೆ ಸ್ಟಾರ್ಟರು ಬಿಟ್ಟುಕೊಳ್ಳುತ್ತದೆ, ಕರೆಂಟು ಬಂದರೂ ಯಾರಾದರೂ ಹಸಿರು ಗುಂಡಿ ಒತ್ತುವ ತನಕ ಪಂಪು ಎತ್ತಿಕೊಳ್ಳುವುದಿಲ್ಲ. ರೂಟರಿನ ಸ್ವಿಚ್ಚು ಆನ್ ಆಗಿಯೇ ಉಳಿದಿರುವಾಗ ಹೋದ ಕರೆಂಟು ಮರಳಿ ಬಂದರೆ, ಬಿಟ್ ಬದಲಿಸುತ್ತಿರುವ ಕೈಗೆ ಏನಾಗಬಹುದೆಂದು ಊಹಿಸಿದರೆ ಈ ಏರ್ಪಾಡಿನ ಬೆಲೆ ತಿಳಿಯುತ್ತದೆ. ಗುಂಡಿಗೆ ಇನ್ನೊಂದು ಸಂಪರ್ಕದ ತುಂಡನ್ನು ಸೇರಿಸಿ ಅದನ್ನು ಬೋರ್ಡಿನ ಅಬಾರ್ಟ್ ಪಿನ್ನಿಗೆ ಕೊಡಬೇಕು. ಏಕೆಂದರೆ ಬೋರ್ಡಿಗೆ ಯುಎಸ್‌ಬಿಯಿಂದ ವಿದ್ಯುತ್ತು ಬರುತ್ತಲೇ ಇರುತ್ತದೆ, ಮೋಟಾರು ಸತ್ತಿದ್ದು ತಿಳಿಯದೆ ಅದು ಹೆಜ್ಜೆ ಎಣಿಸುತ್ತಾ ಹೋಗುತ್ತದೆ. ಇಲ್ಲಿ ಪಿನ್ ಸುದ್ದಿ ಮುಟ್ಟಿಸುವುದಕ್ಕೆ, ನಿಲ್ಲಿಸುವುದಕ್ಕಲ್ಲ. ಸ್ಟೆಪರ್ ಮೋಟಾರಿಗೂ ಅದನ್ನು ನಡೆಸುವ ಚಾಲಕ ಸರ್ಕ್ಯೂಟಿಗೂ ನಡುವೆ ಮಾತ್ರ ಯಾವ ಸ್ವಿಚ್ಚನ್ನೂ ಹಾಕಕೂಡದು. ಓಡುವಾಗ ಆ ಸಂಪರ್ಕ ಬಿಟ್ಟರೆ ಚಾಲಕ ಸುಟ್ಟುಹೋಗಬಹುದು.

ಆಕ್ಷೇಪಗಳಲ್ಲಿ ಎಲ್ಲಕ್ಕಿಂತ ತೂಕದ್ದು, ವಿದ್ಯುತ್ ಕಡಿದರೆ ಸ್ಥಾನ ತಪ್ಪಿ ಗಂಟೆಗಟ್ಟಲೆ ಮಾಡಿದ ಕೆಲಸ ಹಾಳಾಗುತ್ತದೆ ಎಂಬುದು. ಮಾತು ನಿಜ, ಇದನ್ನು ತಳ್ಳಿಹಾಕುವಂತಿಲ್ಲ. ಕೆಲಸ ಕೆಡುತ್ತದೆಂದು ಗೊತ್ತಿರುವ ಕೈ ಕೆಂಪು ಗುಂಡಿಯ ಮೇಲೆ ಹಿಂಜರಿಯುತ್ತದೆ. ಇದಕ್ಕೆ ಪರಿಹಾರ ಗುಂಡಿಯನ್ನು ಸೌಮ್ಯಗೊಳಿಸುವುದರಲ್ಲಿಲ್ಲ, ಒತ್ತುವುದರ ನಷ್ಟವನ್ನು ತಗ್ಗಿಸುವುದರಲ್ಲಿದೆ. ಹೋಮಿಂಗ್ ಸ್ವಿಚ್ಚುಗಳಿದ್ದರೆ ಯಂತ್ರ ತನ್ನ ಮೂಲಬಿಂದುವನ್ನು ಮತ್ತೆ ಹುಡುಕಿಕೊಳ್ಳುತ್ತದೆ. ಕೆಲಸದ ಶೂನ್ಯಬಿಂದುವನ್ನು ಜಿ54 ಎಂಬ ನಿರ್ದೇಶಾಂಕ ವ್ಯವಸ್ಥೆಯಲ್ಲಿ ಇಟ್ಟಿದ್ದರೆ ಜಿಆರ್‌ಬಿಎಲ್ ಅದನ್ನು ವಿದ್ಯುತ್ ಹೋದರೂ ಅಳಿಯದ ನೆನಪಿನಲ್ಲಿ ಕಾಯ್ದಿರುತ್ತದೆ. ಮರದ ತುಂಡು ಕದಲದಿದ್ದರೆ, ನಿಂತ ಸಾಲಿಗಿಂತ ತುಸು ಹಿಂದಿನಿಂದ ಮತ್ತೆ ಓಡಿಸಬಹುದು. ಜೊತೆಗೆ ಕೈಗೆಟಕುವಲ್ಲಿ ಒಂದು ವಿರಾಮದ ಗುಂಡಿಯೂ ಇರಬೇಕು. ಧೂಳಿನ ಕೊಳವೆ ಸಿಕ್ಕಿಕೊಂಡಿತು, ಶಬ್ದ ಬದಲಾಯಿತು, ಒಂದು ಕ್ಷಣ ನೋಡಬೇಕು ಎಂಬಂಥ ಸಂದರ್ಭಗಳೇ ಹೆಚ್ಚು. ಅವಕ್ಕೆಲ್ಲ ಕೆಂಪು ಗುಂಡಿಯೊಂದೇ ಗತಿಯಾದರೆ ಜನ ಅದನ್ನು ಒತ್ತದೆ ಇರುವುದನ್ನೇ ರೂಢಿ ಮಾಡಿಕೊಳ್ಳುತ್ತಾರೆ.

ವಿದ್ಯುತ್ ಕಡಿದರೂ ಸ್ಪಿಂಡಲು ಕೂಡಲೇ ನಿಲ್ಲದು, ಬಾಲ್ ಸ್ಕ್ರೂ ಇರುವ ಜೆಡ್ ಅಕ್ಷ ಸ್ಪಿಂಡಲಿನ ಭಾರಕ್ಕೆ ಕೆಳಗೆ ಜಾರಬಹುದು ಎಂಬ ಮಾತೂ ಸರಿಯೇ. ವಿಎಫ್‌ಡಿ (ಆವರ್ತನ ಬದಲಿಸಿ ಮೋಟಾರಿನ ವೇಗ ಹಿಡಿಯುವ ಸಾಧನ) ನಡೆಸುವ ಸ್ಪಿಂಡಲುಗಳು 400 ಹರ್ಟ್ಸ್‌ನಲ್ಲಿ ನಿಮಿಷಕ್ಕೆ 24,000 ಸುತ್ತು ತಿರುಗುತ್ತವೆ. ಅವಕ್ಕೆ ಒಮ್ಮೆಲೇ ವಿದ್ಯುತ್ ತಪ್ಪಿಸಿದರೆ ತಮ್ಮಷ್ಟಕ್ಕೆ ತಿರುಗಿ ನಿಧಾನಕ್ಕೆ ನಿಲ್ಲುತ್ತವೆ. ಬ್ರೇಕಿಂಗ್ ರೆಸಿಸ್ಟರಿನ ನೆರವಿನಿಂದ ವಿಎಫ್‌ಡಿಯೇ ತಡೆದರೆ ಬೇಗ ನಿಲ್ಲುತ್ತವೆ. ಇಂಥ ಯಂತ್ರಕ್ಕೆ ಒಂದನೇ ವರ್ಗವೇ ಸೂಕ್ತ. ಗುಂಡಿ ಮೊದಲು ವಿಎಫ್‌ಡಿಗೆ ನಿಲ್ಲುವ ಸಂಕೇತ ಕೊಡಬೇಕು, ಕೆಲವು ಸೆಕೆಂಡಿನ ಬಳಿಕ ಟೈಮರ್ ರಿಲೇ ವಿಎಫ್‌ಡಿಯ ಕಾಂಟ್ಯಾಕ್ಟರನ್ನು ಬಿಡಿಸಬೇಕು. ಆ ಟೈಮರು ಪ್ರೋಗ್ರಾಮನ್ನು ಕೇಳಿಕೊಂಡು ಕೂರುವುದಿಲ್ಲ, ಆದ್ದರಿಂದ ಮೂಲ ತತ್ವಕ್ಕೆ ಚ್ಯುತಿಯಿಲ್ಲ. ಜೆಡ್ ಅಕ್ಷಕ್ಕೆ ವಿದ್ಯುತ್ ಹೋದಾಗ ತಾನೇ ಹಿಡಿಯುವ ಬ್ರೇಕು ಇರುವ ಮೋಟಾರು, ಇಲ್ಲವೇ ಭಾರ ತೂಗುವ ಸ್ಪ್ರಿಂಗು ಸಾಕು.

ಪ್ಲಗ್ಗು ಕಿತ್ತರಾಯಿತಲ್ಲ ಎನ್ನುವವರಿಗೆ ಉತ್ತರ ಚಿಕ್ಕದು. ಪ್ಲಗ್ಗು ಗೋಡೆಯ ಬದಿಗಿದೆ, ಅಲ್ಲಿಗೆ ಕೈಚಾಚಲು ಹಲವು ಸಲ ಯಂತ್ರದ ಮೇಲೇ ಬಾಗಬೇಕು. ಗುಂಡಿ ಇರಬೇಕಾದ್ದು ಯಂತ್ರದ ಮುಂದೆ, ಅಕ್ಷಗಳು ಓಡಾಡುವ ವ್ಯಾಪ್ತಿಯ ಹೊರಗೆ. ಎರಡು ಕಡೆಯಿಂದ ಕೆಲಸ ಮಾಡುವುದಾದರೆ ಎರಡು ಗುಂಡಿಗಳನ್ನು ಸರಣಿಯಲ್ಲಿ ಜೋಡಿಸಬಹುದು. ಜೋಡಣೆ ಮುಗಿದ ಮೇಲೆ ಬಿಟ್ ತೆಗೆದು, ಸ್ಪಿಂಡಲನ್ನೂ ಅಕ್ಷಗಳನ್ನೂ ಗಾಳಿಯಲ್ಲಿ ಓಡಿಸಿ ಪರೀಕ್ಷಿಸಬೇಕು. ಒಮ್ಮೆ ಗುಂಡಿ ಒತ್ತಿ, ಒಮ್ಮೆ ಗುಂಡಿಯ ತಂತಿಯನ್ನೇ ಬಿಡಿಸಿ, ಒಮ್ಮೆ ಯುಎಸ್‌ಬಿ ಕೇಬಲ್ ಎಳೆದ ಮೇಲೆ ಗುಂಡಿ ಒತ್ತಿ, ಒಮ್ಮೆ ಮನೆಯ ಮೇನ್ ಸ್ವಿಚ್ಚನ್ನೇ ಆರಿಸಿ ಮತ್ತೆ ಹಾಕಿ ನೋಡಬೇಕು. ತಂತಿ ಬಿಡಿಸುವಾಗ ಮಾತ್ರ ಗುಂಡಿಯ ಸರ್ಕ್ಯೂಟು 24 ವೋಲ್ಟಿನದೇ ಎಂದು ಖಚಿತ ಮಾಡಿಕೊಂಡಿರಬೇಕು. ಅದು 230 ವೋಲ್ಟಿನದಾಗಿದ್ದರೆ ಆ ಒಂದು ಪರೀಕ್ಷೆಯನ್ನು ಮೇನ್ ಆರಿಸಿ ತಂತಿ ಬಿಡಿಸಿ, ಬಿಟ್ಟ ತುದಿಗೆ ಟೇಪು ಸುತ್ತಿದ ಮೇಲೆ ಮೇನ್ ಹಾಕಿ, ಹಸಿರು ಗುಂಡಿ ಒತ್ತಿದರೂ ಕಾಂಟ್ಯಾಕ್ಟರು ಎತ್ತಿಕೊಳ್ಳುತ್ತಿಲ್ಲ ಎಂದು ನೋಡುವ ಮೂಲಕ ಮಾಡಬೇಕು.