ಮೂರು ಸಲವೋ, ಐದು ಸಲವೋ: ಭಾರತದ ಪೋಲಿಯೊ ನೀತಿಯಲ್ಲಿ ತಜ್ಞರ ಮಾತು

ಭಾರತ ಸರ್ಕಾರ 1978ರಲ್ಲಿ ವಿಸ್ತೃತ ಲಸಿಕಾ ಕಾರ್ಯಕ್ರಮವನ್ನು ಆರಂಭಿಸಿತು. ಮರುವರ್ಷ ಪೋಲಿಯೊ ಹನಿ ಅದಕ್ಕೆ ಸೇರಿತು. ಮಗುವಿಗೆ ಮೂರು ಸಲ ಹನಿ ಹಾಕಿಸಿದರೆ ಸಾಕು ಎಂದು ನಿಗದಿಯಾಯಿತು. ಈ ‘ಮೂರು’ ಎಲ್ಲಿಂದ ಬಂತು? ಚಳಿ ದೇಶಗಳ ಅನುಭವದಿಂದ ಬಂತು. ಅಲ್ಲಿ ಮೂರು ಸಲ ಹನಿ ಕುಡಿದ ಬಹುಪಾಲು ಮಕ್ಕಳ ರಕ್ತದಲ್ಲಿ ಮೂರೂ ಬಗೆಯ ಪೋಲಿಯೊ ವೈರಸ್ಸಿನ ವಿರುದ್ಧ ಪ್ರತಿಕಾಯ ಮೂಡುತ್ತಿತ್ತು. ನಮ್ಮಲ್ಲಿ ಹಾಗಾಗುತ್ತಿಲ್ಲ ಎಂಬುದು ಆ ಹೊತ್ತಿಗಾಗಲೇ ಗೊತ್ತಿತ್ತು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈರಾಣು ತಜ್ಞ ಡಾ. ಟಿ. ಜೇಕಬ್ ಜಾನ್ 1970ರ ದಶಕದಲ್ಲಿಯೇ ಮಕ್ಕಳ ರಕ್ತ ಪರೀಕ್ಷಿಸಿ ಇದನ್ನು ತೋರಿಸಿದ್ದರು. ಮೂರು ಸಲ ಹನಿ ಕುಡಿದ ಮಕ್ಕಳಲ್ಲಿ ಎರಡನೇ ಬಗೆಯ ವಿರುದ್ಧ ರಕ್ಷಣೆ ಚೆನ್ನಾಗಿಯೇ ಇತ್ತು. ಒಂದನೇ ಮತ್ತು ಮೂರನೇ ಬಗೆಯ ವಿರುದ್ಧ ಮಾತ್ರ ಸುಮಾರು ಮೂರರಲ್ಲಿ ಒಂದು ಮಗುವಿಗೆ ರಕ್ಷಣೆ ಸಿಕ್ಕಿರಲಿಲ್ಲ.

ಐದು ಸಲ ಹಾಕಿ, ಇಲ್ಲವೇ ಸಾಕ್ ವಿಧಾನದ (ನಿಷ್ಕ್ರಿಯ ವೈರಸ್ಸಿನ) ಚುಚ್ಚುಮದ್ದನ್ನು ಪರಿಗಣಿಸಿ ಎಂಬುದು ವೆಲ್ಲೂರಿನ ಸಲಹೆಯಾಗಿತ್ತು. ಸಲಹೆ ನೀತಿಯಾಗಲಿಲ್ಲ. ನೀತಿ ರೂಪಿಸುವವರಿಗೂ ತಜ್ಞರಿಗೂ ಇರುವ ಸಂಬಂಧವನ್ನು ನಮ್ಮಲ್ಲಿ ಸಾಮಾನ್ಯವಾಗಿ ಗೆದ್ದ ಸಲಹೆಗಳ ಕಥೆಯಾಗಿ ಬರೆಯುತ್ತೇವೆ. ಈ ಲೇಖನ ಬದಿಗೆ ಬಿದ್ದ ಸಲಹೆಯ ಜಾಡು ಹಿಡಿದು ಹೋಗುತ್ತದೆ. ಯಾವ ಸಲಹೆಯನ್ನು ಏಕೆ ಬಿಡಲಾಯಿತು ಎಂಬುದು ಎಲ್ಲಿಯೂ ಬರಹದಲ್ಲಿ ಉಳಿಯದಿದ್ದರೆ ಮುಂದಿನ ತಲೆಮಾರು ಅದೇ ಪ್ರಶ್ನೆಯನ್ನು ಮೊದಲಿನಿಂದ ಕೇಳಬೇಕಾಗುತ್ತದೆ, ಆ ನಡುವಿನ ವರ್ಷಗಳ ಬೆಲೆಯನ್ನು ಮಕ್ಕಳು ತೆರುತ್ತಾರೆ ಎಂಬುದು ನನ್ನ ವಾದ.

ಬೆಲೆ ಎಷ್ಟೆಂದು ತಿಳಿಯಲು ಆ ಕಾಲದ ಕುಂಟುತನದ ಸಮೀಕ್ಷೆಗಳನ್ನು ನೋಡಬೇಕು. ವರ್ಷಕ್ಕೆ ಎರಡು ಲಕ್ಷದ ಆಸುಪಾಸು ಮಕ್ಕಳಿಗೆ ಪೋಲಿಯೊ ತಗಲುತ್ತಿದೆ ಎಂಬ ಅಂದಾಜು ಆಗ ಚಾಲ್ತಿಯಲ್ಲಿತ್ತು. ಊರಿಗೊಬ್ಬರು ಇಬ್ಬರು, ಒಂದು ಕಾಲು ಸಣಕಲಾಗಿ, ಮಂಡಿಯ ಮೇಲೆ ಕೈ ಒತ್ತಿ ನಡೆಯುವವರನ್ನು ನನ್ನ ತಲೆಮಾರಿನವರೆಲ್ಲ ಶಾಲೆಯಲ್ಲಿ ಕಂಡವರೇ. ಹನಿ ಹಾಕಿಸಿದ್ದೆವು, ಆದರೂ ಬಂತು ಎನ್ನುವ ತಾಯಂದಿರ ಮಾತನ್ನು ಆಗ ಆರೋಗ್ಯ ಇಲಾಖೆ ನಂಬುತ್ತಿರಲಿಲ್ಲ. ಲಸಿಕೆ ಬಿಸಿಲಿಗೆ ಕೆಟ್ಟಿರಬೇಕು, ಇಲ್ಲವೇ ತಾಯಿ ಲೆಕ್ಕ ಮರೆತಿರಬೇಕು ಎಂಬುದೇ ಸಿದ್ಧ ಉತ್ತರ. ಶೀತಲ ಸರಪಳಿಯಲ್ಲಿ ದೋಷಗಳಿದ್ದದ್ದು ನಿಜ. ಆದರೆ ಸರಿಯಾಗಿ ಕಾಪಾಡಿದ ಹನಿಯೂ ಇಲ್ಲಿನ ಮಕ್ಕಳ ಕರುಳಿನಲ್ಲಿ ಸೋಲುತ್ತಿತ್ತು. ಅಲ್ಲಿ ಬೇರೆ ವೈರಸ್‌ಗಳು ಮೊದಲೇ ಬೀಡುಬಿಟ್ಟಿರುತ್ತಿದ್ದವು, ಮೇಲೆ ಭೇದಿಯ ಕಾಟ. ಲಸಿಕೆಯೊಳಗೂ ಎರಡನೇ ಬಗೆಯ ವೈರಸ್ ಉಳಿದೆರಡನ್ನು ಹಿಂದಕ್ಕೆ ತಳ್ಳುತ್ತಿತ್ತು. 2006ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆಯೊಂದು ಇದಕ್ಕೆ ಲೆಕ್ಕ ಕೊಟ್ಟಿತು. ಒಂದನೇ ಬಗೆಯ ವಿರುದ್ಧ ಒಂದು ಡೋಸಿನ ಪರಿಣಾಮ ಉತ್ತರ ಪ್ರದೇಶದಲ್ಲಿ ಶೇ. 9, ದೇಶದ ಉಳಿದೆಡೆ ಶೇ. 21. ವೆಲ್ಲೂರಿನ ಮಾತು ಹೊರಟು ಆಗಲೇ ಮೂರು ದಶಕವಾಗಿತ್ತು.

ಹಾಗೆಂದು ಸಲಹೆಯನ್ನು ಬಿಟ್ಟವರ ಬಳಿ ಕಾರಣವೇ ಇರಲಿಲ್ಲ ಎನ್ನಲಾಗದು. ಹನಿ ಅಗ್ಗ. ಬಾಯಿ ತೆರೆಸಿ ಹಾಕಲು ದಾದಿಯೇ ಬೇಕಿಲ್ಲ, ತರಬೇತಾದ ಸ್ವಯಂಸೇವಕರೂ ಸಾಕು. ಹನಿಯ ವೈರಸ್ ಕರುಳಿನಲ್ಲಿ ನೆಲೆಸಿ ಅಲ್ಲಿಯೇ ರಕ್ಷಣೆ ಕಟ್ಟುತ್ತದೆ, ಅಕ್ಕಪಕ್ಕದ ಮಕ್ಕಳಿಗೂ ದಾಟಬಲ್ಲದು. ಚುಚ್ಚುಮದ್ದು ದುಬಾರಿ, ಸಿರಿಂಜು ಬೇಕು, ಕೈಚಳಕ ಬೇಕು. ವಿಶ್ವ ಆರೋಗ್ಯ ಸಂಸ್ಥೆಯೂ ಹನಿಯ ಪರ ಇತ್ತು. 1989ರಲ್ಲಿ ಚುಚ್ಚುಮದ್ದನ್ನು ದೇಶದಲ್ಲಿಯೇ ತಯಾರಿಸಲೆಂದು ಫ್ರೆಂಚ್ ಸಹಯೋಗದಲ್ಲಿ ಇಂಡಿಯನ್ ವ್ಯಾಕ್ಸಿನ್ ಕಾರ್ಪೊರೇಷನ್ ಸ್ಥಾಪನೆಯಾದದ್ದೂ, ಮುಂದೆ ಸರ್ಕಾರ ಹನಿಯನ್ನೇ ನೆಚ್ಚಿಕೊಂಡು ಆ ಯೋಜನೆ ಕೈಬಿಟ್ಟದ್ದೂ ಈ ತೂಗಾಟದ ಗುರುತು. ಇವೆಲ್ಲ ತೂಗಿ ನೋಡಬೇಕಾದ ಕಾರಣಗಳೇ. ತೂಗಿದ ತಕ್ಕಡಿ ಮಾತ್ರ ಯಾರ ಕಣ್ಣಿಗೂ ಬೀಳಲಿಲ್ಲ. ಆಗ ಸಲಹೆಗೊಂದು ಕಾಯಂ ಮನೆಯೇ ಇರಲಿಲ್ಲ. ತಜ್ಞರು ಪತ್ರಿಕೆಗಳಲ್ಲಿ ಬರೆಯುತ್ತಿದ್ದರು, ಸಭೆಗಳಲ್ಲಿ ಹೇಳುತ್ತಿದ್ದರು. ಕೇಳಿಸಿಕೊಂಡ ಅಧಿಕಾರಿ ವರ್ಗವಾಗಿ ಹೋದರೆ ಮಾತೂ ಅವರ ಜೊತೆ ಹೋಗುತ್ತಿತ್ತು.

ವೆಲ್ಲೂರಿನ ಇನ್ನೊಂದು ಮಾತು ಮಾತ್ರ ದೆಹಲಿಗೆ ತಲುಪಿತು. ಊರಿನ ಮಕ್ಕಳಿಗೆಲ್ಲ ಒಂದೇ ದಿನ, ಒಟ್ಟಿಗೆ ಹನಿ ಹಾಕಿದರೆ ವೈರಸ್ಸಿಗೆ ನಿಲ್ಲಲು ನೆಲೆ ಸಿಗುವುದಿಲ್ಲ ಎಂಬ ವಿಧಾನವನ್ನು 1980ರ ದಶಕದಲ್ಲಿ ಆ ಪಟ್ಟಣದಲ್ಲಿಯೇ ಮಾಡಿ ನೋಡಲಾಗಿತ್ತು. 1994ರ ಅಕ್ಟೋಬರ್ 2ರಂದು ದೆಹಲಿಯಲ್ಲಿ, 1995ರ ಡಿಸೆಂಬರ್ 9ರಂದು ದೇಶದಾದ್ಯಂತ ಪಲ್ಸ್ ಪೋಲಿಯೊ ನಡೆಯಿತು. ಬೂತಿನಲ್ಲಿ ಎಡಗೈ ಕಿರುಬೆರಳಿಗೆ ಮಸಿ, ಮನೆಯ ಬಾಗಿಲ ಪಕ್ಕ ಸೀಮೆಸುಣ್ಣದ ಗುರುತು: ಕನ್ನಡ ನಾಡಿನ ಪ್ರತಿ ಹಳ್ಳಿಯೂ ಕಂಡ ದೃಶ್ಯ. ಮೂರು ಸಲ ಸಾಲದು ಎಂಬ ಹಳೆಯ ಸಲಹೆ ಹೀಗೆ ಹಿಂಬಾಗಿಲಿನಿಂದ ಒಳಬಂತು ಎಂದು ನಾನು ಓದುತ್ತೇನೆ. ವೇಳಾಪಟ್ಟಿ ತಪ್ಪೆಂದು ಯಾರೂ ಬರೆಯಲಿಲ್ಲ, ಆದರೆ ಉತ್ತರ ಭಾರತದ ಕೆಲವು ಜಿಲ್ಲೆಗಳಲ್ಲಿ ಮಗು ಐದು ವರ್ಷ ತುಂಬುವುದರೊಳಗೆ ಹತ್ತಾರು ಸಲ ಹನಿ ಕುಡಿಯಿತು.

ಆ ಹೊತ್ತಿಗೆ ಸಲಹೆಯ ರೂಪವೂ ಬದಲಾಗಿತ್ತು. ಪೋಲಿಯೊಗೆಂದೇ ಭಾರತ ತಜ್ಞ ಸಲಹಾ ಗುಂಪು ಇತ್ತು. 1997ರಿಂದ ಕೈಕಾಲು ಸೋತ ಪ್ರತಿ ಮಗುವಿನ ಮಲದ ಮಾದರಿ ಪ್ರಯೋಗಾಲಯಕ್ಕೆ ಹೋಗುವ ವ್ಯವಸ್ಥೆಯೂ ಬೆಳೆಯಿತು. 2002ರಲ್ಲಿ 1,600 ಪ್ರಕರಣ ಕಂಡವು, ಮರುವರ್ಷ ವೈರಸ್ ಉತ್ತರ ಕರ್ನಾಟಕಕ್ಕೂ ಮರಳಿತು. 2005ರಲ್ಲಿ ಒಂದನೇ ಬಗೆಗೆ ಮಾತ್ರ ಗುರಿಯಿಟ್ಟ ಹನಿ ಬಳಕೆಗೆ ಬಂತು. ಒಂದನೆಯದು ಕುಗ್ಗಿತು, ಮೂರನೆಯದು ಎದ್ದಿತು. 2007ರ 874 ಪ್ರಕರಣಗಳಲ್ಲಿ ಬಹುಪಾಲು ಮೂರನೇ ಬಗೆಯವು. ಸಲಹೆ ಪಕ್ಕಕ್ಕೆ ವಾಲಿದ್ದು ಅಂಕಿಯಲ್ಲಿ ಕಂಡಿತು, ಕಂಡದ್ದಕ್ಕೆ ತಿದ್ದುಪಡಿ ಸಾಧ್ಯವಾಯಿತು. 2010ರ ಜನವರಿಯಲ್ಲಿ ಎರಡೂ ಬಗೆಗಳ ಹನಿ ಬಂತು. 2009ರ 741 ಪ್ರಕರಣ ಮರುವರ್ಷ 42ಕ್ಕೆ ಇಳಿಯಿತು. 2011ರ ಜನವರಿ 13ರಂದು ಹೌರಾ ಜಿಲ್ಲೆಯ ಒಂದು ಹೆಣ್ಣುಮಗುವಿನಲ್ಲಿ ಕಂಡದ್ದೇ ಸಹಜ ವೈರಸ್ಸಿನ ಕೊನೆಯ ಪ್ರಕರಣ. ತಜ್ಞರ ಮಾತು ಮತ್ತು ಅದರ ಫಲವನ್ನು ಅಳೆಯುವ ಕಣ್ಣು ಒಂದೇ ಕಡೆ ಕೂಡಿದಾಗ ಐದೇ ವರ್ಷದಲ್ಲಿ ತಪ್ಪು ತಿದ್ದಿಹೋಯಿತು. ಕಣ್ಣಿಲ್ಲದ 1980ರ ದಶಕದಲ್ಲಿ ಅದಾಗಿರಲಿಲ್ಲ.

ಎಲ್ಲ ಲಸಿಕೆಗಳ ವಿಷಯದಲ್ಲಿ ಕೇಂದ್ರಕ್ಕೆ ಸಲಹೆ ನೀಡುವ ರಾಷ್ಟ್ರೀಯ ಲಸಿಕಾ ತಾಂತ್ರಿಕ ಸಲಹಾ ಗುಂಪು, ಅಂದರೆ ಎನ್‌ಟಿಎಜಿಐ, 2001ರಲ್ಲಿ ರಚನೆಯಾಯಿತು. ಅದಕ್ಕೆ ಆರೋಗ್ಯ ಕಾರ್ಯದರ್ಶಿಯೇ ಅಧ್ಯಕ್ಷರು. ಸಲಹೆ ಕೇಳುವವರೇ ಸಲಹೆ ಕೊಡುವ ಸಭೆಯ ಮುಂದಿನ ಕುರ್ಚಿಯಲ್ಲಿ ಕೂರುವ ಈ ಏರ್ಪಾಡು ನನಗೆ ಎಂದೂ ಸಮಾಧಾನ ತಂದಿಲ್ಲ. ಸಾಕ್ಷ್ಯಗಳನ್ನು ತಜ್ಞರಷ್ಟೇ ಕೂತು ಪರಿಶೀಲಿಸುವ ಸ್ಥಾಯಿ ತಾಂತ್ರಿಕ ಉಪಸಮಿತಿ ಬಂದದ್ದು 2013ರಲ್ಲಿ. ಗುಂಪಿನ ಕಾರ್ಯಾಲಯಕ್ಕೆ ಹೊರಗಿನ ದಾನಿ ಸಂಸ್ಥೆಯ ಹಣ ಬರುತ್ತಿದ್ದುದರ ಬಗ್ಗೆ ಆಕ್ಷೇಪಗಳೆದ್ದವು. 2017ರಲ್ಲಿ ಅದು ಸಚಿವಾಲಯದ ಅಧೀನ ಸಂಸ್ಥೆಗೆ ಸ್ಥಳಾಂತರವಾಯಿತು.

ಈ ಗುಂಪಿನ ಸಲಹೆ ನಮ್ಮೂರಿನ ಉಪಕೇಂದ್ರವನ್ನು ನೇರವಾಗಿ ಮುಟ್ಟಿದ್ದು 2016ರಲ್ಲಿ. ಎರಡನೇ ಬಗೆಯ ಸಹಜ ವೈರಸ್ 1999ರ ನಂತರ ಜಗತ್ತಿನಲ್ಲಿ ಎಲ್ಲಿಯೂ ಕಂಡಿರಲಿಲ್ಲ. ಅದನ್ನು ಹನಿಯಿಂದ ತೆಗೆಯುವುದೆಂದು ಜಗತ್ತು ನಿರ್ಧರಿಸಿತು. ಭಾರತ ಏಪ್ರಿಲ್ 25ರಂದು ಬದಲಾಯಿಸಿತು. ತೆಗೆದ ಜಾಗಕ್ಕೆ ರಕ್ಷಣೆಯಾಗಿ ಚುಚ್ಚುಮದ್ದು ಬೇಕಾಯಿತು, ಅದೂ ಜಗತ್ತಿನಲ್ಲೆಲ್ಲ ಒಟ್ಟಿಗೆ. ತಯಾರಕರಿಂದ ಅಷ್ಟು ಪೂರೈಸಲಾಗಲಿಲ್ಲ. ಸ್ನಾಯುವಿಗೆ 0.5 ಮಿ.ಲೀ. ಒಮ್ಮೆ ಕೊಡುವ ಬದಲು ಚರ್ಮದೊಳಗೆ 0.1 ಮಿ.ಲೀ. ಎರಡು ಸಲ ಕೊಟ್ಟರೆ ಕೊರತೆಯೂ ನೀಗುತ್ತದೆ, ರಕ್ಷಣೆಯೂ ಹೆಚ್ಚುತ್ತದೆ ಎಂದು ಕ್ಯೂಬಾ ಮತ್ತು ಬಾಂಗ್ಲಾದೇಶದ ಅಧ್ಯಯನಗಳು ತೋರಿಸಿದ್ದವು. ಭಾರತದ ತಜ್ಞರು ಅದನ್ನೇ ಹಿಡಿದರು. ಕರ್ನಾಟಕ ಸೇರಿ ಎಂಟು ರಾಜ್ಯ ಹಾಗೂ ಕೇಂದ್ರಾಡಳಿತ ಪ್ರದೇಶಗಳು ಜಗತ್ತಿನಲ್ಲಿಯೇ ಮೊದಲಿಗೆ ಈ ಭಿನ್ನಾಂಶ ಡೋಸನ್ನು ನಿತ್ಯದ ವೇಳಾಪಟ್ಟಿಗೆ ತಂದವು.

ಈ ಸಲಹೆ ಇಷ್ಟು ಬೇಗ ನೆಲಕ್ಕಿಳಿಯಲು ಕಾರಣವೇನೆಂದು ತಿಳಿಯಲು ದಾದಿಯ ಕೈ ನೋಡಬೇಕು. ಮಗುವಿನ ಬಲತೋಳಿನ ಚರ್ಮವನ್ನು ಎರಡು ಬೆರಳಲ್ಲಿ ಬಿಗಿಯಾಗಿ ಹಿಡಿದು, ಸೂಜಿಯ ಓರೆ ಮೇಲ್ಮುಖವಾಗಿರುವಂತೆ ಬಹುತೇಕ ಮಲಗಿಸಿ, ತುದಿ ಚರ್ಮದಡಿ ಮರೆಯಾಗುವಷ್ಟೇ ತೂರಿಸಬೇಕು. ತಳ್ಳುವಾಗ ಎದುರೊತ್ತು ಬೆರಳಿಗೆ ತಿಳಿಯಬೇಕು. ಸಣ್ಣ ಬಿಳಿ ಬೊಕ್ಕೆ ಎದ್ದರೆ ಸರಿ. ಏಳದಿದ್ದರೆ ಮದ್ದು ಒಳಗೆ ಇಳಿದುಹೋಯಿತೆಂದೇ ಅರ್ಥ. ನಮ್ಮ ದಾದಿಯರಿಗೆ ಇದು ಹೊಸದಲ್ಲ, ಬಿಸಿಜಿಯನ್ನು ಅವರು ದಶಕಗಳಿಂದ ಹೀಗೆಯೇ ಕೊಡುತ್ತಿದ್ದಾರೆ. ಆ ವರ್ಷವೇ ಹೈದರಾಬಾದಿನ ಚರಂಡಿ ನೀರಿನಲ್ಲಿ ಲಸಿಕೆಯಿಂದ ರೂಪಾಂತರಗೊಂಡ ಎರಡನೇ ಬಗೆಯ ವೈರಸ್ ಸಿಕ್ಕಾಗ, ಜೂನ್ ತಿಂಗಳ ಒಂದೇ ವಾರದಲ್ಲಿ ಸುಮಾರು ಮೂರು ಲಕ್ಷ ಮಕ್ಕಳಿಗೆ ಈ ಡೋಸು ಕೊಟ್ಟದ್ದೂ ಇಂಥ ಕೈಗಳೇ. ಚುಚ್ಚುಮದ್ದಿಗೆ ಕೈಚಳಕ ಬೇಕು, ಆದ್ದರಿಂದ ಆಗದು ಎಂಬ ಹಳೆಯ ಆಕ್ಷೇಪ ಎಷ್ಟು ಹುರುಳಿಲ್ಲದ್ದೆಂದು ಆ ವಾರ ತೋರಿಸಿತು. ಆ ಕೈಗಳನ್ನು ಬಲ್ಲವರು ಹಳೆಯ ಸಭೆಗಳಲ್ಲಿ ಇದ್ದಿದ್ದರೆ ಆಕ್ಷೇಪ ಅಷ್ಟು ಕಾಲ ಬದುಕುತ್ತಿರಲಿಲ್ಲ ಎಂದು ನನ್ನ ಭಾವನೆ.

ಕೋವಿಡ್ ಕಾಲದಲ್ಲಿ ಇದೇ ಎನ್‌ಟಿಎಜಿಐ ಮತ್ತೆ ಕಟಕಟೆಗೆ ಬಂತು. 2021ರ ಮೇ ತಿಂಗಳಲ್ಲಿ ಕೋವಿಶೀಲ್ಡ್ ಡೋಸುಗಳ ಅಂತರವನ್ನು 12–16 ವಾರಗಳಿಗೆ ಏರಿಸಲಾಯಿತು. ನಾವು ಒಪ್ಪಿದ್ದು 8–12 ವಾರಗಳಿಗೆ ಎಂದು ಕೆಲವು ಸದಸ್ಯರು ಮುಂದಿನ ತಿಂಗಳು ಸುದ್ದಿಸಂಸ್ಥೆಗೆ ಹೇಳಿದರು. ನಿರ್ಧಾರ ಸರ್ವಾನುಮತದ್ದು ಎಂದು ಅದರ ಕೋವಿಡ್ ಕಾರ್ಯಗುಂಪಿನ ಮುಖ್ಯಸ್ಥರು ಹೇಳಿದರು. ಯಾರ ವಿಜ್ಞಾನ ಸರಿ ಎಂಬುದಕ್ಕಿಂತ ಈ ಜಗಳ ನಡೆದ ಜಾಗ ನನ್ನನ್ನು ಕಾಡುತ್ತದೆ. ಭಿನ್ನಮತ ಸಭೆಯ ನಡಾವಳಿಯಲ್ಲಿ ಅದೇ ವಾರ ಎಲ್ಲರಿಗೂ ಓದಲು ಸಿಗಬೇಕಿತ್ತು, ಸಿಕ್ಕಿದ್ದು ಸುದ್ದಿಯಲ್ಲಿ. 1970ರ ದಶಕದಲ್ಲಿ ಸಲಹೆಗೆ ಮನೆಯಿರಲಿಲ್ಲ. ಈಗ ಮನೆಯಿದೆ, ಒಳಗೆ ನಡೆದ ಮಾತು ಹೊರಗೆ ಕೇಳಿಸುವುದಿಲ್ಲ. ಲಸಿಕೆಯ ಮೇಲಿನ ಅನುಮಾನ ಬೆಳೆಯುವುದು ಈ ಮೌನದಲ್ಲಿ. ಒಮ್ಮತವಿಲ್ಲ ಎಂದು ತಿಳಿದರೆ ಜನ ಹೆದರುತ್ತಾರೆ ಎಂಬ ಅಧಿಕಾರಿಗಳ ಅಂಜಿಕೆಯನ್ನು ನಾನು ಒಪ್ಪಲಾರೆ. ಹನಿ ಹಾಕಿಸಿದರೂ ಕಾಯಿಲೆ ಬಂತು ಎಂದು ಮೊದಲು ಹೇಳಿದವರು ತಾಯಂದಿರು. ಹಾಗೆ ಹೇಳಿದ ಮೇಲೂ ಅವರು ಮಕ್ಕಳನ್ನು ಬೂತಿಗೆ ಎತ್ತಿಕೊಂಡು ಬಂದಿದ್ದಾರೆ.

2023ರ ಜನವರಿಯಿಂದ ವೇಳಾಪಟ್ಟಿಗೆ ಮೂರನೇ ಭಿನ್ನಾಂಶ ಡೋಸು ಸೇರಿತು. ಒಂಬತ್ತು ತಿಂಗಳಿಗೆ, ದಡಾರ-ರುಬೆಲ್ಲಾ ಲಸಿಕೆಯ ಜೊತೆಯಲ್ಲಿ, ಎಡತೋಳಿಗೆ. ಆ ವರ್ಷ ಒಂದು ಗುರುವಾರದ ಲಸಿಕಾ ದಿನ ನಾನು ಹಳ್ಳಿಯ ಅಂಗನವಾಡಿಯೊಂದರಲ್ಲಿ ಕುಳಿತಿದ್ದೆ. ಮಗುವಿನ ಬಲತೋಳಿಗೆ ಒಂದು ಸೂಜಿ ಆಗಿತ್ತು. ಎಡತೋಳನ್ನು ಒರೆಸಲು ಹೊರಟಾಗ ತಾಯಿ ಸೆರಗನ್ನು ಮುಂದೆಳೆದು ಮಗುವನ್ನು ಮುಚ್ಚಿಕೊಂಡಳು.

“ಇದ್ಯಾಕೆ ಸಿಸ್ಟರ್ ಇನ್ನೊಂದು? ನನ್ನ ದೊಡ್ಡ ಮಗೀಗೆ ಇದಿರಲಿಲ್ಲ.”

“ಪೋಲಿಯೋದ್ದಮ್ಮ. ಈಗ ಮೂರು ಮಾಡಿದ್ದಾರೆ.”

“ಎರಡಾಗಿತ್ತಲ್ಲ. ಸಾಕಾಗಲಿಲ್ವಾ?”

ದಾದಿ ತಾಯಿ ಕಾರ್ಡು ಬಿಡಿಸಿ ಆ ಸಾಲು ಹುಡುಕಿದರು. ಹಳೆಯ ಅಚ್ಚಿನ ಕಾರ್ಡಿನಲ್ಲಿ ಅದಕ್ಕೆ ಮನೆಯೇ ಇರಲಿಲ್ಲ. ಅಂಚಿನಲ್ಲಿ ಪೆನ್ನಿನಿಂದ ಗೆರೆ ಎಳೆದು, ತಾರೀಖು ಬರೆದು, “ಮೇಲಿಂದ ಬಂದಿದೆ ಕಣಮ್ಮ” ಎಂದರು. ತಾಯಿ ಒಂದು ಗಳಿಗೆ ಸುಮ್ಮನಿದ್ದು, ಸೆರಗು ಸರಿಸಿದಳು.