ನಾವು ನಕ್ಕ ಹುಡುಗಿ

ಬೇಲೂರು ದಾಟಿ ಬಿಕ್ಕೋಡಿನ ಕಡೆಗೆ ಬಂದ ಹಾಗೆ ಬಯಲು ಹಿಂದಾಗಿ ಕಾಫಿ ತೋಟಗಳು ಎದುರಾಗುತ್ತವೆ. ನನ್ನ ಹುಡುಗತನದಲ್ಲಿ ಊರಿಗೆ ಸುದ್ದಿ ಬರುತ್ತಿದ್ದುದೆಲ್ಲ ಬಸ್ಸಿನಲ್ಲೇ. 1971ರ ಯುದ್ಧದ ಹೊತ್ತಿಗೆ ಬಂದ ಒಂದು ಸುದ್ದಿ, ಪಕ್ಕದ ತೋಟದ ಮನೆಯ ಹುಡುಗಿ ಮಿಲಿಟರಿ ಆಸ್ಪತ್ರೆಗೆ ನರ್ಸಾಗಿ ಸೇರಿದಳೆಂಬುದು. "ಗಂಡಸರ ಗಾಯ ತೊಳೆಯೋಕೆ ಅಷ್ಟು ದೂರ ಹೋಗ್ಬೇಕಿತ್ತಾ?" ಎಂದು ಜಗಲಿಯವರು ನಕ್ಕರು. ನಾನೂ ನಕ್ಕೆ. ಆ ನಗುವಿನ ಸಾಲ ತೀರಿಸಲೆಂದೇ ಈ ಚರಿತ್ರೆಯನ್ನು ಓದತೊಡಗಿದೆ.

ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಮಂದಿ ಸಾಯುತ್ತಿದ್ದರೆಂದು 1863ರ ರಾಯಲ್ ಆಯೋಗ ಲೆಕ್ಕ ಕೊಟ್ಟಿತು. ಹೆಚ್ಚಿನವರನ್ನು ಕೊಂದದ್ದು ಶತ್ರುವಿನ ಗುಂಡಲ್ಲ. ಜ್ವರ, ಕಾಲರಾ, ಆಮಶಂಕೆ. ರೋಗಿಗಳ ಆರೈಕೆಗೆ ಇದ್ದವರು ಪಲ್ಟಣದಿಂದ ಎರವಲು ತಂದ ಸಿಪಾಯಿಗಳು. ಕೆಲಸ ಕಲಿಯುವಷ್ಟರಲ್ಲಿ ಅವರು ಪಲ್ಟಣಕ್ಕೆ ಮರಳುತ್ತಿದ್ದರು.

1888ರ ಮಾರ್ಚಿನಲ್ಲಿ ತರಬೇತಿ ಪಡೆದ ಹತ್ತು ಮಂದಿ ದಾದಿಯರು ಮುಂಬಯಿಯಲ್ಲಿ ಇಳಿದರು. ಕ್ಯಾಥರೀನ್ ಗ್ರೇಸ್ ಲಾಕ್ ಒಂದು ತಂಡದೊಡನೆ ರಾವಲ್ಪಿಂಡಿಗೆ ಹೋದರೆ, ಆಕ್ಸ್‌ಲಿ ಅವರ ತಂಡ ಬಂದದ್ದು ನಮ್ಮ ಬೆಂಗಳೂರು ದಂಡಿಗೆ. ಆ ವರ್ಷವೇ ವಾಯವ್ಯ ಗಡಿಯಲ್ಲಿ ಬ್ಲ್ಯಾಕ್ ಮೌಂಟನ್ ಯುದ್ಧ ನಡೆಯಿತು. ಲಾಕ್ ಅಲ್ಲಿಗೂ ಹೋಗಿ ಗಾಯಾಳುಗಳನ್ನು ನೋಡಿಕೊಂಡರು. ಮುಂದೆ ಆ ಸೇವೆಯ ಹಿರಿಯ ಮೇಲ್ವಿಚಾರಕಿಯಾಗಿ ದುಡಿದು 1904ರಲ್ಲಿ ತೀರಿಕೊಂಡರು. ಹೊಣೆ ಅವರದಾಗಿತ್ತು, ಆದರೆ ಸೈನ್ಯದ ಅಧಿಕಾರಿಗಿದ್ದ ಸ್ಥಾನ ಅವರಿಗಿರಲಿಲ್ಲ.

ಇಂಡಿಯನ್ ಮಿಲಿಟರಿ ನರ್ಸಿಂಗ್ ಸರ್ವಿಸ್ ಸ್ಥಾಪನೆಯಾದದ್ದು 1926ರ ಅಕ್ಟೋಬರ್ 1ರಂದು. ದಾದಿಯರಿಗೆ ಅಧಿಕಾರಿಯ ಕಮಿಷನ್ ದೊರೆತದ್ದು ಎರಡನೆಯ ಮಹಾಯುದ್ಧದ ನಡುವೆ, 1943ರ ಸುಗ್ರೀವಾಜ್ಞೆಯಿಂದ. 1976ರಲ್ಲಿ ಗರ್ಟ್ರೂಡ್ ಆಲಿಸ್ ರಾಮ್ ಮೇಜರ್ ಜನರಲ್ ಆದರು. ಭಾರತೀಯ ಸೈನ್ಯದಲ್ಲಿ ಆ ಪದವಿಗೇರಿದ ಮೊದಲ ಮಹಿಳೆ ಒಬ್ಬ ದಾದಿ.

ಪದವಿಯೆಂದರೆ ಬರಿಯ ಅಲಂಕಾರವಲ್ಲ. 'ನೀರು ಕುದಿಸು' ಎಂದು ದಾದಿ ಹೇಳಿದರೆ ನೀರು ಕುದಿಯಬೇಕು. ಒಬ್ಬ ರೋಗಿ ಬದುಕುವುದು ಅಷ್ಟರಿಂದಲೇ ಇರಬಹುದು.

ಯುದ್ಧ ಮುಗಿದ ಮೇಲೆ ಆ ಹುಡುಗಿ ರಜೆಗೆ ಬಂದಳು. ಸಾದಾ ಸೀರೆಯುಟ್ಟಿದ್ದಳು. ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದ ನಿವೃತ್ತ ಹವಾಲ್ದಾರರೊಬ್ಬರು, "ಏನಮ್ಮ, ನಿಂದು ಯಾವ ರ‍್ಯಾಂಕು?" ಎಂದರು.

"ಲೆಫ್ಟಿನೆಂಟ್, ದೊಡ್ಡಪ್ಪ."

ಅವರು ಲೋಟ ಕೆಳಗಿಟ್ಟು, ಎದ್ದು ನಿಂತು, ಸೆಲ್ಯೂಟ್ ಹೊಡೆದರು. ಅವಳು ನಾಚಿದಳು. ನಾನು ತಲೆ ತಗ್ಗಿಸಿದೆ.